ಘಾಟಿಯ ಗೇರು, ವಿಮಾನದ ಬ್ರೇಕು

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ನಾನು ಹುಡುಗನಾಗಿದ್ದಾಗ ವರ್ಷಕ್ಕೆ ನಾಲ್ಕಾರು ಬಾರಿಯಾದರೂ ಬಸ್ಸಿನಲ್ಲಿ ಆ ದಾರಿಯಾಗಿ ಉಡುಪಿಯ ಕಡೆಗೆ ಹೋಗಬೇಕಾಗುತ್ತಿತ್ತು. ಡ್ರೈವರನ ಬಳಿಯ ಸೀಟು ಸಿಕ್ಕಿತೆಂದರೆ ನನಗೆ ಸ್ವರ್ಗವೇ ಸಿಕ್ಕಂತೆ. ಊರು ದಾಟಿ ಇಳಿಜಾರು ಇನ್ನೇನು ಆರಂಭವಾಗಬೇಕೆನ್ನುವಾಗ, ಎದುರಿಗೆ ಕಣಿವೆಯೆಲ್ಲ ಮಂಜಿನಲ್ಲಿ ಮುಳುಗಿರುವ ಆ ಜಾಗದಲ್ಲಿ, ನಮ್ಮ ಡ್ರೈವರು ಬಸ್ಸನ್ನು ಬಹುಮಟ್ಟಿಗೆ ನಿಲ್ಲಿಸಿಯೇ ಬಿಡುತ್ತಿದ್ದ. ಬಾಯಲ್ಲಿದ್ದ ಎಲೆಯಡಿಕೆಯನ್ನು ಕಿಟಕಿಯಿಂದಾಚೆ ಉಗಿದು, ಗೇರಿನ ಕೋಲನ್ನು ಎರಡು ಬಾರಿ ಅಲುಗಿಸಿ ಕೆಳಗಿನ ಗೇರಿಗೆ ಹಾಕಿಕೊಂಡು, ಆಮೇಲೆ ಇಳಿಯತೊಡಗುತ್ತಿದ್ದ. ಇಂಜಿನ್ನು ಗೋಳಿಡುತ್ತಿತ್ತು. ಬಸ್ಸು ಎತ್ತಿನ ಗಾಡಿಯ ವೇಗದಲ್ಲಿ ಸಾಗುತ್ತಿತ್ತು.

ಒಮ್ಮೆ ತಾಳಲಾರದೆ ಕೇಳಿದೆ: "ಇಳಿಜಾರಲ್ಲವಾ ಅಣ್ಣ, ಬ್ರೇಕು ಒತ್ತಿದರೆ ಸಾಲದಾ?"

"ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಮಾಣಿ" ಎಂದ. "ಅದನ್ನ ಇಲ್ಲೇ ಹಾಕ್ಕೊಳ್ಳಬೇಕು. ನಡು ಘಾಟಿಯಲ್ಲಿ ಹಾಕ್ತೇನೆ ಅಂದರೆ ಬೀಳೂದಿಲ್ಲ. ಬ್ರೇಕು ಇರೂದು ಕಡೆಗೆ."

ಆ ಮಾತಿನ ಅರ್ಥ ಆಗ ನನಗೆ ಅರ್ಧದಷ್ಟೂ ಆಗಲಿಲ್ಲ. ಕಾಲಾಂತರದಲ್ಲಿ ನಾನು ಬೆಂಗಳೂರು ಸೇರಿ, ವಿಮಾನಗಳ ದುರಸ್ತಿ ಮಾಡುವ ಕಾರ್ಯಾಗಾರವೊಂದರಲ್ಲಿ ಗಾಲಿ ಮತ್ತು ಬ್ರೇಕಿನ ವಿಭಾಗದಲ್ಲಿ ಕೆಲಸಕ್ಕೆ ನಿಂತೆ. ನಿವೃತ್ತನಾಗುವವರೆಗೂ ನನ್ನ ಅನ್ನ ಹುಟ್ಟಿದ್ದು ಬ್ರೇಕಿನಿಂದಲೇ. ನಾನು ವಿಮಾನ ಚಾಲಕನಲ್ಲ ಎಂಬುದನ್ನು ಆರಂಭದಲ್ಲೇ ಅರಿಕೆ ಮಾಡಿಕೊಳ್ಳುತ್ತೇನೆ. ಆದರೆ ಚಾಲಕರು ಇಳಿಸಿ ತಂದ ವಿಮಾನದ ಗಾಲಿಗಳನ್ನು ಬಿಚ್ಚಿ, ಅವರು ಹೇಗೆ ಇಳಿಸಿದರೆಂಬುದನ್ನು ಬ್ರೇಕಿನ ಬಿಲ್ಲೆಗಳ ಮೇಲೆ ಓದುತ್ತ ಬಂದವನು.

2010ರ ಮೇ 22ರ ಬೆಳಿಗ್ಗೆ ನಾನು ಊರಿನಲ್ಲಿದ್ದೆ. ದುಬೈಯಿಂದ ಬಂದ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ ಉರಿದುಹೋಯಿತೆಂಬ ಸುದ್ದಿ ಬಂದದ್ದೇ ತಡ, ಮನೆಯ ಅಂಗಳಕ್ಕೆ ಜನ ಬರತೊಡಗಿದರು. ಒಳಗಿದ್ದ 166 ಜನರಲ್ಲಿ 158 ಮಂದಿ ಅಸುನೀಗಿದ್ದರು. ಎಂಟು ಮಂದಿ ಮಾತ್ರ ಬದುಕುಳಿದರು. ಘಟ್ಟದ ಕೆಳಗಿನ ಊರುಗಳಲ್ಲಿ ಯಾರಾದರೊಬ್ಬರು ಕೊಲ್ಲಿಯಲ್ಲಿಲ್ಲದ ಬೀದಿಯನ್ನು ಹುಡುಕುವುದು ಕಷ್ಟ. ಆದುದರಿಂದ ಅದು ದೂರದ ಸುದ್ದಿಯಾಗಿರಲಿಲ್ಲ. ಬಂದವರೆಲ್ಲರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಗೊತ್ತಿರ್ತದಲ್ಲ, ಬ್ರೇಕು ಫೇಲಾಗಿತ್ತಂತೆ, ಹೌದಾ?"

ಘಾಟಿಯಲ್ಲಿ ಲಾರಿ ಉರುಳಿದರೂ ನಮ್ಮಲ್ಲಿ ಹೇಳುವುದು ಅದೇ ಮಾತು. ಬ್ರೇಕ್ ಫೇಲ್ ಎಂದುಬಿಟ್ಟರೆ ಯಾರ ಮೇಲೂ ತಪ್ಪು ಹೊರಿಸಿದಂತಾಗುವುದಿಲ್ಲ. ಕಬ್ಬಿಣಕ್ಕೆ ಏನು ಹೇಳಿದರೂ ಅದು ಬೇಸರಿಸುವುದಿಲ್ಲ. ಅಂದು ನಾನು "ಇರಲಾರದು" ಎಂದಷ್ಟೇ ಹೇಳಿ ಸುಮ್ಮನಾದೆ. ವಿವರಿಸುವ ಸಮಯ ಅದಾಗಿರಲಿಲ್ಲ. ಆ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರವನ್ನು ಈ ಹೊತ್ತು ಶ್ರೋತೃಗಳ ಮುಂದಿಡಲು ಯತ್ನಿಸುತ್ತೇನೆ.

ನಿಲ್ಲುವುದೆಂದರೆ ಏನು ಎಂಬಲ್ಲಿಂದ ತೊಡಗೋಣ. ಹತ್ತು ಟನ್ನು ತೂಕದ ಬಸ್ಸೊಂದು ಆಗುಂಬೆಯಿಂದ ಐನೂರು ಮೀಟರು ಕೆಳಕ್ಕೆ ಇಳಿಯುತ್ತದೆಂದಿಟ್ಟುಕೊಳ್ಳಿ. ಆ ಎತ್ತರದಲ್ಲಿ ಅದು ಅಡಗಿಸಿಟ್ಟುಕೊಂಡಿದ್ದ ಶಕ್ತಿಯೆಲ್ಲ ಕೆಳಗೆ ಬರುವಷ್ಟರಲ್ಲಿ ಎಲ್ಲಾದರೂ ಖರ್ಚಾಗಲೇಬೇಕು. ಲೆಕ್ಕ ಹಾಕಿದರೆ ಅದು ಸುಮಾರು 49 ಮೆಗಾಜೂಲ್ ಆಗುತ್ತದೆ. ಗೇರಿನಲ್ಲಿ ಇಳಿದರೆ ಅದರ ಬಹುಪಾಲನ್ನು ಇಂಜಿನ್ನು ನುಂಗುತ್ತದೆ. ಬ್ರೇಕನ್ನೇ ನಂಬಿ ಇಳಿದರೆ ಅಷ್ಟೂ ಶಾಖವಾಗಿ ನಾಲ್ಕೈದು ಡ್ರಮ್ಮುಗಳಲ್ಲಿ ತುಂಬಿಕೊಳ್ಳುತ್ತದೆ. ಶಾಖ ಏರಿದಂತೆ ಬ್ರೇಕಿನ ಹಿಡಿತ ಸಡಿಲವಾಗುತ್ತದೆ. ಸೋಮೇಶ್ವರದಲ್ಲಿ ನಿಂತ ಲಾರಿಯ ಗಾಲಿಯಿಂದ ಹೊಗೆಯೇಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆ ಕಮಟು ವಾಸನೆ ಇಂದಿಗೂ ಮೂಗಿನಲ್ಲಿದೆ.

ಈಗ ವಿಮಾನವನ್ನು ನೋಡಿ. ಬೋಯಿಂಗ್ 737 ಜಾತಿಯ ಮಧ್ಯಮ ಗಾತ್ರದ ವಿಮಾನ ಇಳಿಯುವಾಗ ಸುಮಾರು ಅರವತ್ತು ಟನ್ನು ತೂಗಬಹುದು. ಅದು ನೆಲ ಮುಟ್ಟುವ ವೇಗ ಸುಮಾರು 140 ನಾಟ್, ಎಂದರೆ ಗಂಟೆಗೆ 260 ಕಿಲೋಮೀಟರು. ಸೆಕೆಂಡಿಗೆ 72 ಮೀಟರು. ಆ ಓಟದಲ್ಲಿರುವ ಶಕ್ತಿ ಸುಮಾರು 155 ಮೆಗಾಜೂಲ್. ಬಸ್ಸು ಇಡೀ ಘಾಟಿಯುದ್ದಕ್ಕೂ ಬಿಟ್ಟುಕೊಡುವುದರ ಮೂರರಷ್ಟನ್ನು ವಿಮಾನ ಅರ್ಧ ನಿಮಿಷದಲ್ಲಿ, ಒಂದೆರಡು ಕಿಲೋಮೀಟರಿನೊಳಗೆ ಬಿಟ್ಟುಕೊಡಬೇಕು. ಅದಕ್ಕೆ ಬ್ರೇಕಿರುವುದು ಹಿಂದಿನ ನಾಲ್ಕು ಗಾಲಿಗಳಲ್ಲಿ ಮಾತ್ರ. ಮೂತಿಯ ಕೆಳಗಿನ ಎರಡು ಗಾಲಿಗಳಿಗೆ ಬ್ರೇಕೇ ಇಲ್ಲ.

ಗಾಲಿಯೊಳಗೆ ಬಿಲ್ಲೆಗಳ ಒಂದು ಅಡಕು ಇರುತ್ತದೆ. ಒಂದು ಬಿಲ್ಲೆ ಗಾಲಿಯೊಂದಿಗೆ ತಿರುಗಿದರೆ ಪಕ್ಕದ್ದು ಅಲುಗದೆ ನಿಂತಿರುತ್ತದೆ. ತೈಲದ ಒತ್ತಡ ಅವುಗಳನ್ನು ಒಂದಕ್ಕೊಂದು ಅದುಮುತ್ತದೆ, ರೊಟ್ಟಿಯ ಕಟ್ಟನ್ನು ಎರಡೂ ಕೈಗಳಿಂದ ಅಮುಕಿದಂತೆ. ಹಿಂದೆ ಇವು ಉಕ್ಕಿನವಾಗಿದ್ದವು. ಈಗ ಬಹಳಷ್ಟು ವಿಮಾನಗಳಲ್ಲಿ ಇಂಗಾಲದ ಬಿಲ್ಲೆಗಳಿವೆ. ಇವೆರಡರ ಸ್ವಭಾವಕ್ಕೂ ಒಂದು ವಿನೋದಕರವಾದ ವ್ಯತ್ಯಾಸವುಂಟು. ಉಕ್ಕಿನದು ಎಷ್ಟು ಜೋರಾಗಿ ಉಜ್ಜಿದಿರಿ ಎಂಬುದರ ಮೇಲೆ ಸವೆಯುತ್ತದೆ. ಇಂಗಾಲದ್ದು ಎಷ್ಟು ಸಲ ಉಜ್ಜಿದಿರಿ ಎಂಬುದರ ಮೇಲೆ ಹೆಚ್ಚಾಗಿ ಸವೆಯುತ್ತದೆ. ಆದುದರಿಂದ ಇಂಗಾಲದ ಬ್ರೇಕನ್ನು ಮೆಲ್ಲಮೆಲ್ಲನೆ ಹತ್ತು ಸಲ ಮುಟ್ಟುವುದಕ್ಕಿಂತ ಒಂದೇ ಸಲ ಗಟ್ಟಿಯಾಗಿ ಒತ್ತಿ ಮುಗಿಸುವುದು ಮೇಲು. ಹಳೆಯ ಕಾಲದ ಚಾಲಕರಿಗೆ ಇದನ್ನು ಒಪ್ಪಿಸಲು ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ.

ಬ್ರೇಕಿಗೆ ಇಬ್ಬರು ಸಹಾಯಕರಿದ್ದಾರೆ. ನೆಲ ಮುಟ್ಟಿದೊಡನೆ ರೆಕ್ಕೆಯ ಮೇಲಿನ ಹಲಗೆಗಳು ಎದ್ದು ನಿಲ್ಲುವುದನ್ನು ಕಿಟಕಿಯ ಬಳಿ ಕುಳಿತವರು ಕಂಡಿರಬಹುದು. ಇವಕ್ಕೆ ಸ್ಪಾಯ್ಲರ್ ಎನ್ನುತ್ತಾರೆ. ರೆಕ್ಕೆಯನ್ನು ಮೇಲಕ್ಕೆತ್ತುತ್ತಿದ್ದ ಗಾಳಿಯ ಬಲವನ್ನು ಅವು ಕೆಡಿಸುತ್ತವೆ. ಆಗ ವಿಮಾನದ ಭಾರ ಗಾಲಿಗಳ ಮೇಲೆ ಬೀಳುತ್ತದೆ. ಭಾರ ಬಿದ್ದರೆ ಮಾತ್ರ ಬ್ರೇಕಿಗೆ ಬೆಲೆ. ಅರ್ಧ ಹಾರುತ್ತಿರುವ ಗಾಲಿಯನ್ನು ಹಿಡಿದು ಪ್ರಯೋಜನವಿಲ್ಲ. ಇನ್ನೊಂದು ಸಹಾಯ ಇಂಜಿನ್ನುಗಳದು. ಅವು ತಮ್ಮ ಗಾಳಿಯನ್ನು ಹಿಂದಕ್ಕೆ ಬಿಡುವ ಬದಲು ಮುಂದಕ್ಕೆ ತಿರುಗಿಸಿ ದೂಡುತ್ತವೆ. ಇಳಿದ ಮೇಲೆ ಕಿವಿಗಡಚಿಕ್ಕುವಂತೆ ಕೇಳಿಸುವ ಅಬ್ಬರ ಇದರದೇ. ನಮ್ಮ ಡ್ರೈವರನ ಗೇರಿಗೆ ವಿಮಾನದಲ್ಲಿ ಸಮನಾದದ್ದು ಯಾವುದಾದರೂ ಇದ್ದರೆ ಅದು ಇದೇ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. 737ರ ಚಾಲಕರ ಮುಂದಿನ ಹಲಗೆಯಲ್ಲಿ, ಹಳೆಯ ರೇಡಿಯೋದ ತಿರುಗಣೆಯಂತಹ ಚಿಕ್ಕ ಗುಂಡಿಯೊಂದಿದೆ. ಅದಕ್ಕೆ ಆಟೋಬ್ರೇಕ್, ಸ್ವಯಂಚಾಲಿತ ಬ್ರೇಕು ಎಂದು ಹೆಸರು. ಅದರ ಸುತ್ತ ಆಫ್, 1, 2, 3, ಮ್ಯಾಕ್ಸ್ ಎಂದು ಬರೆದಿರುತ್ತದೆ. ಇನ್ನೊಂದು ತುದಿಯಲ್ಲಿ ಆರ್‌ಟಿಒ ಎಂದೂ ಇದೆ. ಇದನ್ನು ಮೊದಲು ಕಂಡಾಗ ಲೈಸೆನ್ಸು ಕೊಡುವ ಕಚೇರಿ ವಿಮಾನದೊಳಕ್ಕೂ ಬಂದಿತಲ್ಲ ಎಂದು ನನಗೆ ನಗು ಬಂದಿತ್ತು. ಅದು ಮೇಲೇರಲು ಓಡುತ್ತಿರುವಾಗ ಏನಾದರೂ ಕೆಟ್ಟು, ಏರುವುದನ್ನೇ ಕೈಬಿಡಬೇಕಾಗಿ ಬಂದರೆ ಬ್ರೇಕನ್ನು ಪೂರ್ತಿಯಾಗಿ ಒತ್ತುವ ಏರ್ಪಾಡು. ಏರ್‌ಬಸ್ 320ರಲ್ಲಿ ಗುಂಡಿಯ ಬದಲು ಲೋ, ಮೀಡಿಯಂ, ಮ್ಯಾಕ್ಸ್ ಎಂಬ ಮೂರು ಒತ್ತುಗುಂಡಿಗಳಿವೆ. ಬೆಂಗಳೂರಿನಿಂದ ಶಿವಮೊಗ್ಗೆಯ ಸೋಗಾನೆಗೆ 2023ರ ಆಗಸ್ಟಿನಲ್ಲಿ ಬರತೊಡಗಿದ ಎಟಿಆರ್ ಎಂಬ ಪಂಖದ ವಿಮಾನದಲ್ಲಿ ಈ ಏರ್ಪಾಡೇ ಇಲ್ಲ. ಅಲ್ಲಿ ಚಾಲಕನ ಪಾದವೇ ಎಲ್ಲವೂ.

ನೆಲ ಮುಟ್ಟುವುದಕ್ಕೆ ಬಹಳ ಮೊದಲೇ, ವಿಮಾನ ಇನ್ನೂ ಮೋಡದಲ್ಲಿರುವಾಗಲೇ, ಚಾಲಕರು ಈ ಗುಂಡಿಯನ್ನು ಒಂದು ಅಂಕಿಗೆ ತಿರುಗಿಸಿಡುತ್ತಾರೆ. ಗಾಲಿಗಳು ನೆಲ ಮುಟ್ಟಿ ತಿರುಗತೊಡಗಿದ ಕೂಡಲೆ, ಇಂಜಿನ್ನಿನ ಲಿವರುಗಳು ಹಿಂದಕ್ಕಿದ್ದರೆ, ಬ್ರೇಕು ತಾನಾಗಿಯೇ ಹಿಡಿಯತೊಡಗುತ್ತದೆ. ಚಾಲಕರು ಪೆಡಲನ್ನು ತುಳಿದರೆ, ಇಲ್ಲವೆ ಲಿವರುಗಳನ್ನು ಮುಂದಕ್ಕೆ ತಳ್ಳಿದರೆ ಅದು ಬಿಟ್ಟುಕೊಡುತ್ತದೆ.

ಇಲ್ಲಿ ಬಹು ಜನರಿಗೆ ಒಂದು ತಪ್ಪು ಕಲ್ಪನೆಯಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಇತ್ತು. ಅಂಕಿ ಹೆಚ್ಚಾದಂತೆ ಬ್ರೇಕಿನ ಮೇಲೆ ಹೆಚ್ಚು ಒತ್ತಡ ಬೀಳುತ್ತದೆ, ಫ್ಯಾನಿನ ರೆಗ್ಯುಲೇಟರಿನ ಹಾಗೆ, ಎಂದು ನಾನು ತಿಳಿದಿದ್ದೆ. ಹಾಗಲ್ಲ. ಆ ಅಂಕಿ ಹೇಳುವುದು ಒತ್ತಡವನ್ನಲ್ಲ, ವೇಗ ಯಾವ ಪ್ರಮಾಣದಲ್ಲಿ ಕುಗ್ಗಬೇಕೆಂಬುದನ್ನು. ಒಂದನೆಯ ಅಂಕಿಯಲ್ಲಿ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಸುಮಾರು 1.2 ಮೀಟರಿನಂತೆ ಕಡಿಮೆಯಾಗಬೇಕು, ಎರಡರಲ್ಲಿ 1.5 ಮೀಟರಿನಂತೆ; ಮೂರರಲ್ಲಿ 2.2 ಮೀಟರಿನಂತೆ, ಮ್ಯಾಕ್ಸ್ ಎಂಬಲ್ಲಿ, ವೇಗ ಹೆಚ್ಚಿರುವಾಗ, ನಾಲ್ಕು ಮೀಟರಿಗೂ ಮಿಗಿಲಾಗಿ. ಅಷ್ಟನ್ನು ಸಾಧಿಸಲು ಎಷ್ಟು ಒತ್ತಬೇಕೋ ಅಷ್ಟನ್ನು ಯಂತ್ರವೇ ನಿರ್ಧರಿಸುತ್ತದೆ.

ಇದರಿಂದ ಒಂದು ಸೋಜಿಗ ಹುಟ್ಟುತ್ತದೆ. ಮೂರಕ್ಕೆ ಇಟ್ಟಿದ್ದೀರಿ ಎನ್ನಿ. ಇಂಜಿನ್ನುಗಳ ಹಿನ್ನೂಕನ್ನು ಪೂರ್ತಿಯಾಗಿ ಹಾಕಿದಿರಿ. ವಿಮಾನ ಇನ್ನೂ ಬೇಗ ನಿಲ್ಲಬೇಕಲ್ಲವೆ? ನಿಲ್ಲುವುದಿಲ್ಲ. ಇಂಜಿನ್ನು ಹೆಚ್ಚು ಕೆಲಸ ಮಾಡಿದಷ್ಟೂ ಯಂತ್ರ ಬ್ರೇಕಿನ ಒತ್ತಡವನ್ನು ಸಡಿಲಿಸುತ್ತದೆ. ಒಟ್ಟು ಪ್ರಮಾಣ ಅಷ್ಟೇ ಉಳಿಯುತ್ತದೆ. ಮನೆಯ ಖರ್ಚು ತಿಂಗಳಿಗೆ ಇಷ್ಟೇ ಎಂದು ಗೆರೆ ಎಳೆದ ಮೇಲೆ, ಮಗ ಹೆಚ್ಚು ಕೊಟ್ಟರೆ ತಂದೆ ಕಡಿಮೆ ಕೊಡುತ್ತಾನೆಯೇ ಹೊರತು ಮನೆಯ ಊಟ ಹೆಚ್ಚುವುದಿಲ್ಲ. ಹಿನ್ನೂಕಿನಿಂದ ಒಣ ನೆಲದ ಮೇಲೆ ಉಳಿಯುವುದು ದೂರವಲ್ಲ, ಬ್ರೇಕಿನ ಶಾಖ.

ಹಾಗಾದರೆ ದೂರ ಯಾವುದರಿಂದ ನಿಶ್ಚಯವಾಗುತ್ತದೆ? ಶಾಲೆಯ ಲೆಕ್ಕದಿಂದಲೇ ನೋಡಬಹುದು. ಸೆಕೆಂಡಿಗೆ 72 ಮೀಟರು ವೇಗದಲ್ಲಿ ನೆಲ ಮುಟ್ಟಿದ ವಿಮಾನ ಪೂರ್ತಿ ನಿಲ್ಲಲು ಒಂದನೆಯ ಅಂಕಿಯಲ್ಲಿ ಸುಮಾರು 2,100 ಮೀಟರು ಬೇಕು, ಎರಡರಲ್ಲಿ 1,700, ಮೂರರಲ್ಲಿ ಸುಮಾರು 1,180, ಮ್ಯಾಕ್ಸ್‌ನಲ್ಲಿ 650ರ ಆಸುಪಾಸು. ಚಾಲಕರ ಕೈಯಲ್ಲಿರುವ ಕೋಷ್ಟಕಗಳು ಇದಕ್ಕಿಂತ ಸೂಕ್ಷ್ಮವಾದವು. ತೂಕ, ಗಾಳಿಯ ದಿಕ್ಕು, ಉಷ್ಣತೆ, ನೆಲದ ಇಳಿಜಾರು ಎಲ್ಲವನ್ನೂ ಅವು ಲೆಕ್ಕಕ್ಕೆ ತೆಗೆದುಕೊಂಡು, ಮೇಲೆ ಒಂದಿಷ್ಟು ಉಳಿಕೆಯನ್ನೂ ಸೇರಿಸುತ್ತವೆ. ನಮಗೆ ಈ ಒರಟು ಲೆಕ್ಕ ಸಾಕು.

ಈ ಅಂಕಿಗಳನ್ನು ಬಜ್ಪೆಯ ಮೇಲೆ ಇಟ್ಟು ನೋಡಿ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಆರಂಭವಾದ ನಿಲ್ದಾಣ ಅದು. ಅಲ್ಲಿನ ಹಳೆಯ ರನ್‌ವೇ 1,615 ಮೀಟರು ಉದ್ದ. 2006ರಲ್ಲಿ ಬಳಕೆಗೆ ಬಂದ ಹೊಸದು 2,450 ಮೀಟರು. ಗುಡ್ಡದ ನೆತ್ತಿಯನ್ನು ಕಡಿದು ಸಮಮಾಡಿದ ಜಾಗ. ತುದಿ ದಾಟಿದರೆ ಕಣಿವೆ. ವಿಮಾನ ರನ್‌ವೇಯ ಅಂಚಿನಲ್ಲೇ ನೆಲ ಮುಟ್ಟುವುದಿಲ್ಲ. ನಾನೂರೈವತ್ತು ಮೀಟರು ಒಳಗೆ ಬಂದು ಮುಟ್ಟಿತೆನ್ನೋಣ. ಒಂದನೆಯ ಅಂಕಿಗೆ 2,100 ಸೇರಿಸಿದರೆ 2,550: ನೂರು ಮೀಟರು ಕಣಿವೆಯ ಮೇಲೆ! ಎರಡಕ್ಕೆ ಇಟ್ಟರೆ ಕಾಗದದ ಮೇಲೆ ಮುನ್ನೂರು ಮೀಟರು ಉಳಿಯುತ್ತದೆ. ಆದರೆ ಬ್ರೇಕು ಹಿಡಿಯಲು ಒಂದೆರಡು ಸೆಕೆಂಡು ತಡವಾದರೆ ಅದರಲ್ಲಿ ಅರ್ಧದಷ್ಟು ಹೋಯಿತು. ಮೂರಕ್ಕೆ ಇಟ್ಟರೆ ಎಂಟುನೂರು ಮೀಟರು ಕೈಯಲ್ಲಿರುತ್ತದೆ. ಅದೇ ವಿಮಾನ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ನಾಲ್ಕು ಸಾವಿರ ಮೀಟರಿನ ರನ್‌ವೇಯಲ್ಲಿ ಇಳಿದರೆ ಒಂದನೆಯ ಅಂಕಿಯೂ ಧಾರಾಳ. ಅಲ್ಲಿ ಚಾಲಕರು ತಮಗೆ ಅನುಕೂಲವಾದ ಪಕ್ಕದ ದಾರಿಗೆ ಸರಿಯಾಗಿ ವೇಗ ಇಳಿಯುವಂತೆ ಅಂಕಿ ಆರಿಸುವುದೂ ಉಂಟು.

ಯಾವಾಗಲೂ ಮ್ಯಾಕ್ಸ್‌ಗೇ ಇಟ್ಟುಬಿಟ್ಟರೆ ಈ ಗೊಡವೆಯೇ ಇಲ್ಲವಲ್ಲ ಎಂದು ಕೇಳಬಹುದು. ಜನ ಮುಂದಿನ ಸೀಟಿಗೆ ಮುಗ್ಗರಿಸುತ್ತಾರೆಂಬುದು ಸಣ್ಣ ಕಾರಣ. ದೊಡ್ಡ ಕಾರಣ ಶಾಖ. ಹಾಗೆ ಒತ್ತಿ ನಿಲ್ಲಿಸಿದ ವಿಮಾನದ ಬ್ರೇಕಿನ ಹತ್ತಿರ ಕೈ ಹಿಡಿಯುವಂತಿರುವುದಿಲ್ಲ. ಅರ್ಧ ಗಂಟೆಯಲ್ಲಿ ಮತ್ತೆ ಜನರನ್ನು ತುಂಬಿಕೊಂಡು ಹೊರಡಬೇಕು. ಓಡತೊಡಗಿದ ಮೇಲೆ ಏನೋ ಕೆಟ್ಟು ನಿಲ್ಲಿಸಬೇಕಾಗಿ ಬಂದರೆ, ಆಗಲೇ ಕಾದಿರುವ ಬ್ರೇಕಿಗೆ ಇನ್ನಷ್ಟು ಶಾಖವನ್ನು ನುಂಗುವ ಶಕ್ತಿಯಿರುವುದಿಲ್ಲ. ಆದುದರಿಂದ ತಣಿಯುವ ತನಕ ಕಾಯಬೇಕು. ಶಾಖ ಮಿತಿ ಮೀರಿದರೆ ಗಾಲಿಯೊಳಗಿನ ಚಿಕ್ಕ ಬಿರಡೆಗಳು ಕರಗಿ ಟೈರಿನ ಗಾಳಿಯನ್ನು ಮೆಲ್ಲನೆ ಹೊರಬಿಡುತ್ತವೆ. ಟೈರು ಸಿಡಿದು ಪಕ್ಕದಲ್ಲಿದ್ದವರನ್ನು ಕೊಲ್ಲದಿರಲೆಂದು ಮಾಡಿದ ವ್ಯವಸ್ಥೆ ಅದು. ಕಾದ ಗಾಲಿಯ ಪಕ್ಕಕ್ಕೆ ಹೋಗಬಾರದು, ಮುಂದಿನಿಂದಲೋ ಹಿಂದಿನಿಂದಲೋ ಸಮೀಪಿಸಬೇಕು ಎಂಬುದು ನಮಗೆ ಮೊದಲ ದಿನ ಕಲಿಸಿದ ಪಾಠ. ಸೋಮೇಶ್ವರದಲ್ಲಿ ಕ್ಲೀನರುಗಳು ಹೊಗೆಯಾಡುವ ಡ್ರಮ್ಮಿಗೆ ಬಕೀಟುಗಟ್ಟಲೆ ನೀರು ಸುರಿಯುತ್ತಿದ್ದುದನ್ನು ನೆನೆದರೆ ನನಗೆ ಈಗ ಮೈ ನಡುಗುತ್ತದೆ.

ಇನ್ನು ಮಳೆ. ಆಗುಂಬೆಯವನು ಮಳೆಯ ವಿಚಾರ ಬಿಟ್ಟು ಮಾತು ಮುಗಿಸಿದರೆ ಊರಿನವರು ಒಪ್ಪಲಾರರು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರು ಸುರಿದ ದಾಖಲೆ ನಮ್ಮದು. ಆಷಾಢದಲ್ಲಿ ಘಾಟಿಯ ರಸ್ತೆ ಕೊಳೆತ ಎಲೆ, ಪಾಚಿ, ಹರಿಯುವ ನೀರುಗಳಿಂದ ಎಣ್ಣೆ ಬಳಿದಂತಿರುತ್ತದೆ. ಅಂತಹಲ್ಲಿ ಬ್ರೇಕನ್ನು ಗಕ್ಕನೆ ತುಳಿದರೆ ಗಾಲಿ ನಿಲ್ಲುತ್ತದೆ, ಬಸ್ಸು ನಿಲ್ಲುವುದಿಲ್ಲ. ನಿಂತ ಗಾಲಿಯ ಮೇಲೆ ಬಸ್ಸು ಜಾರುತ್ತದೆ. ಅದಕ್ಕಾಗಿ ನಮ್ಮ ಡ್ರೈವರು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುತ್ತಿದ್ದ. ವಿಮಾನದಲ್ಲಿ ಆ ಕೆಲಸವನ್ನು ಆಂಟಿಸ್ಕಿಡ್ ಎಂಬ ಯಂತ್ರ ಮಾಡುತ್ತದೆ. ಗಾಲಿ ಜಾರತೊಡಗಿದೆಯೆಂದು ತಿಳಿದ ಕ್ಷಣವೇ ಅದು ಒತ್ತಡವನ್ನು ಬಿಟ್ಟು ಮತ್ತೆ ಹಿಡಿಯುತ್ತದೆ.

ಅಂಕಿಯ ಬಲ ಕುಂದುವುದು ಇಲ್ಲಿಯೇ. ಮೂರಕ್ಕೆ ಇಟ್ಟೆನೆಂದರೆ ಯಂತ್ರ ಆ ಪ್ರಮಾಣವನ್ನು ಬೇಡುತ್ತದೆ, ಕೊಡಬೇಕಾದದ್ದು ನೆಲ. ನೆಲದಲ್ಲಿ ಹಿಡಿತವಿಲ್ಲದಿದ್ದರೆ ಮೂರು ಎಂದರೂ ಮ್ಯಾಕ್ಸ್ ಎಂದರೂ ಒಂದೇ, ಸಿಗುವುದು ಸಿಗುವಷ್ಟೇ. ಒಣ ನೆಲದ ಮೇಲೆ ದೂರ ಉಳಿಸದ ಇಂಜಿನ್ನಿನ ಹಿನ್ನೂಕು, ನೀರಿನ ಮೇಲೆ ನಿಜವಾಗಿಯೂ ದೂರ ಉಳಿಸುತ್ತದೆ, ಏಕೆಂದರೆ ಅದಕ್ಕೆ ನೆಲದ ಹಂಗಿಲ್ಲ. ನೀರು ಇನ್ನೂ ಹೆಚ್ಚಾಗಿ ನಿಂತಿದ್ದರೆ ಟೈರು ನೆಲವನ್ನು ಮುಟ್ಟದೆ ನೀರಿನ ತೆರೆಯ ಮೇಲೆ ತೇಲಿಬಿಡುವ ಅಪಾಯವೂ ಉಂಟು. ಅದು ಯಾವ ವೇಗದಲ್ಲಿ ಎಂಬುದಕ್ಕೆ ಒಂದು ಹಳೆಯ ಸೂತ್ರವಿದೆ: ಟೈರಿನ ಗಾಳಿಯ ಒತ್ತಡವನ್ನು ಪೌಂಡಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು ಒಂಬತ್ತರಿಂದ ಗುಣಿಸಿದರೆ ನಾಟ್‌ಗಳಲ್ಲಿ ಆ ವೇಗ ಬರುತ್ತದೆ. ಇನ್ನೂರು ಪೌಂಡಿನ ಟೈರಿಗೆ ಸುಮಾರು 127 ನಾಟ್. ವಿಮಾನ ನೆಲ ಮುಟ್ಟುವುದೇ 140ರಲ್ಲಿ ಎಂಬುದನ್ನು ನೆನಪಿಸಿಕೊಳ್ಳಿ.

ಇದಕ್ಕಾಗಿಯೇ ರನ್‌ವೇಯ ಸ್ಥಿತಿಯನ್ನು ಚಾಲಕರಿಗೆ ಅಂಕಿಯಲ್ಲಿ ತಿಳಿಸುವ ಏರ್ಪಾಡು 2021ರ ನವೆಂಬರಿನಿಂದ ಜಗತ್ತಿನಲ್ಲೆಲ್ಲ ಒಂದೇ ಕ್ರಮಕ್ಕೆ ಬಂದಿದೆ. ಒಣಗಿದ್ದರೆ 6, ಒದ್ದೆಯಾಗಿದ್ದರೆ 5, ಮೂರು ಮಿಲಿಮೀಟರಿಗೂ ಮಿಗಿಲಾಗಿ ನೀರು ನಿಂತಿದ್ದರೆ ಒಮ್ಮೆಗೇ 2. ಐದರಿಂದ ಎರಡಕ್ಕೆ ಇಳಿಯುವ ಆ ಜಿಗಿತವೇ ನೀರಿನ ವಿಷಯದಲ್ಲಿ ಎಲ್ಲವನ್ನೂ ಹೇಳುತ್ತದೆ. ನಮ್ಮ ಕಡೆಯ ಮಳೆಗೆ ಮೂರು ಮಿಲಿಮೀಟರು ಯಾವ ಲೆಕ್ಕ!

ಈಗ ಆ ಬೆಳಗಿನ ಪ್ರಶ್ನೆಗೆ ಮರಳುತ್ತೇನೆ. 2010ರಲ್ಲಿ ಮಂಗಳೂರಿನಲ್ಲಿ ಬ್ರೇಕು ಫೇಲಾಗಿತ್ತೆ? ಏರ್ ಮಾರ್ಷಲ್ ಗೋಖಲೆಯವರ ನೇತೃತ್ವದ ತನಿಖಾ ನ್ಯಾಯಾಲಯ ವರದಿ ಕೊಟ್ಟಿತು. ವಿಮಾನದಲ್ಲಿ ದೋಷವಿರಲಿಲ್ಲ. ಆ ಹೊತ್ತು ಮಳೆಯೂ ಇರಲಿಲ್ಲ. ವಿಮಾನ ಇಳಿಯತೊಡಗುವಾಗಲೇ ಇರಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಅದನ್ನು ಸರಿಪಡಿಸಲು ಅವಸರವಾಗಿ ಇಳಿಸಿ, ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ, ಎಂದರೆ 1,585 ಮೀಟರು, ದಾಟಿದ ಮೇಲೆ ಅದು ನೆಲವನ್ನು ಸರಿಯಾಗಿ ಮುಟ್ಟಿತು. ಉಳಿದದ್ದು ಎಂಟುನೂರ ಅರವತ್ತು ಮೀಟರಿನಷ್ಟು. ಇಳಿಸುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕೆಂದು ಸಹಚಾಲಕ ಮೂರು ಬಾರಿ ಹೇಳಿದ್ದರು. ಯಂತ್ರವೂ ಎಚ್ಚರಿಸುತ್ತಿತ್ತು.

ನಮ್ಮ ಕೋಷ್ಟಕವನ್ನು ನೋಡಿ. ಮೂರನೆಯ ಅಂಕಿಗೆ ಬೇಕಾದದ್ದು 1,180 ಮೀಟರು, ಅದು ಇರಲಿಲ್ಲ. ಪೂರ್ತಿ ಬ್ರೇಕಿಗೆ ಬೇಕಾದಷ್ಟು ಇನ್ನೂ ಇತ್ತು. ಪಾದದಿಂದ ಪೂರ್ತಿಯಾಗಿ ಬ್ರೇಕನ್ನು ಒತ್ತಿ ಹಿಡಿದಿದ್ದರೆ ಆ ಸ್ಥಿತಿಯಲ್ಲೂ ರನ್‌ವೇಯೊಳಗೆ ನಿಲ್ಲಬಹುದಾಗಿತ್ತೆಂದೇ ವರದಿ ಹೇಳಿತು. ಆದರೆ ನೆಲ ಮುಟ್ಟಿ, ಇಂಜಿನ್ನಿನ ಹಿನ್ನೂಕನ್ನು ಹಾಕಿ, ಬ್ರೇಕನ್ನೂ ಹಿಡಿದ ಕೆಲವೇ ಸೆಕೆಂಡುಗಳಲ್ಲಿ ಮುಖ್ಯ ಚಾಲಕರು ಮತ್ತೆ ಹಾರಲು ಯತ್ನಿಸಿದರು. ಹಿನ್ನೂಕು ಹಾಕಿದ ಮೇಲೆ ಹಾರಲು ಹೋಗಕೂಡದೆಂಬುದು ತಯಾರಕರ ಕಟ್ಟುನಿಟ್ಟಾದ ನಿಯಮ. ನಿಲ್ಲಲೂ ಆಗಲಿಲ್ಲ, ಹಾರಲೂ ಆಗಲಿಲ್ಲ. ಆಚೆ ಕಣಿವೆಯಿತ್ತು.

ಕೋಳಿಕ್ಕೋಡಿನಲ್ಲಿ 2020ರ ಆಗಸ್ಟ್ 7ರ ರಾತ್ರಿ ಮಳೆಯಲ್ಲಿ, ಹಿಂದಿನಿಂದ ಗಾಳಿ ಬೀಸುತ್ತಿರುವಾಗ, ಅದೇ ಜಾತಿಯ ವಿಮಾನವೊಂದು ಅಂತಹುದೇ ಗುಡ್ಡದ ಮೇಲಿನ ರನ್‌ವೇಯ ನಡುಭಾಗದಲ್ಲಿ ಇಳಿದು ಇಪ್ಪತ್ತೊಂದು ಜನರ ಜೀವ ತೆಗೆದುಕೊಂಡಿತು. ಅಲ್ಲಿಯೂ ದಾರಿಯ ಅರ್ಧ ಗಾಳಿಯಲ್ಲೇ ಕಳೆದುಹೋಗಿತ್ತು.

ಬ್ರೇಕು ಫೇಲಾಗಿತ್ತೆ ಎಂದು ಕೇಳಿದವರಿಗೆ ನಾನು ಹೇಳಬೇಕಾಗಿದ್ದುದು ಇಷ್ಟು: ಬ್ರೇಕು ಚೆನ್ನಾಗಿತ್ತು, ಮುಗಿದುಹೋಗಿದ್ದು ದಾರಿ. ಗುಂಡಿಯ ಮೇಲಿನ ಅಂಕಿ, ಮುಟ್ಟಬೇಕಾದ ಜಾಗದಲ್ಲಿ ಮುಟ್ಟಿದ್ದೀರಿ ಎಂಬ ನಂಬಿಕೆಯ ಮೇಲೆ ಆರಿಸಿದ ಅಂಕಿ. ಆ ಜಾಗ ತಪ್ಪಿದ ಮೇಲೆ ಅಂಕಿಗೆ ಅದು ಗೊತ್ತಾಗುವುದಿಲ್ಲ. ಮೂರು ಎಂದರೆ ಮೂರರಂತೆಯೇ, ನಿಧಾನವಾಗಿ, ಶಿಸ್ತಾಗಿ, ತುದಿಯವರೆಗೂ ಅದು ಹಿಡಿಯುತ್ತ ಹೋಗುತ್ತದೆ. ಆಚೆ ಕಣಿವೆಯಿದೆಯೆಂದು ಅದಕ್ಕೆ ಯಾರೂ ಹೇಳಿಲ್ಲ. ಅದನ್ನು ಬಿಡಿಸಿ ಪಾದದಲ್ಲಿ ಒತ್ತಬೇಕೋ, ನೆಲ ಮುಟ್ಟುವ ಮುನ್ನವೇ ಮೇಲೇರಬೇಕೋ ಎಂಬುದನ್ನು ಮನುಷ್ಯನೇ ನೋಡಿ ಹೇಳಬೇಕು; ಅದೂ ಒಂದೆರಡು ಸೆಕೆಂಡುಗಳೊಳಗೆ. ಚಾಲಕರನ್ನು ದೂರುವುದು ನನ್ನ ಉದ್ದೇಶವಲ್ಲ. ರಾತ್ರಿಯೆಲ್ಲ ಹಾರಿ ಬಂದವನ ಆ ಎರಡು ಸೆಕೆಂಡುಗಳನ್ನು ಹಗಲು ನಿದ್ದೆ ಮುಗಿಸಿ ಎದ್ದವರು ತೂಗಿ ನೋಡುವುದು ಸುಲಭ.

ನಮ್ಮ ಬಸ್ಸಿನ ಡ್ರೈವರು ಘಾಟಿಯ ತಲೆಯಲ್ಲಿ ನಿಲ್ಲಿಸಿ ಗೇರು ಹಾಕಿಕೊಳ್ಳುತ್ತಿದ್ದುದು ನನಗೆ ಅರ್ಥವಾದದ್ದು ಇದನ್ನೆಲ್ಲ ಓದಿದ ಮೇಲೆ. ವಿಮಾನದ ಚಾಲಕರು ಮೋಡದ ಮೇಲಿರುವಾಗಲೇ ಕುಳಿತು ಮಾತಾಡಿಕೊಂಡು, ಕೋಷ್ಟಕ ನೋಡಿ, ಅಂಕಿಯಿಟ್ಟು, ಇಷ್ಟರೊಳಗೆ ನೆಲ ಮುಟ್ಟದಿದ್ದರೆ ಮೇಲೇರೋಣವೆಂದು ನಿಶ್ಚಯಿಸಿಕೊಳ್ಳುವುದೂ ಅದೇ ಕೆಲಸ.

ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ಮಧ್ಯಾಹ್ನ, ಬೆಂಗಳೂರಿನಿಂದ ಮಂಗಳೂರಿಗೆ ಹಾರಿ ಬರುತ್ತಿದ್ದೆ. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ಕುಳಿತಿದ್ದರು. ಕಿಟಕಿಯಲ್ಲಿ ಬರಿಯ ಬೂದಿಬಣ್ಣ. ನೆಲ ಕಂಡದ್ದೇ ತಡ, ವಿಮಾನ ಧೊಪ್ಪೆಂದು ರನ್‌ವೇಗೆ ಅಪ್ಪಳಿಸಿದಂತೆ ಇಳಿಯಿತು. ಮರುಕ್ಷಣವೇ ಬ್ರೇಕು ಹಿಡಿದು ನಾವೆಲ್ಲ ಪಟ್ಟಿಗೆ ಜೋತುಬಿದ್ದೆವು.

"ಎಂಥ ಮಾರಾಯ್ರೆ, ನೆಲಕ್ಕೆ ಕುಟ್ಟಿಯೇ ಹಾಕಿದ್ರಲ್ಲ!" ಎಂದರು ಆಕೆ. "ಮೊನ್ನೆ ಬೆಂಗಳೂರಲ್ಲಿ ಇಳಿದದ್ದು ಗೊತ್ತೇ ಆಗ್ಲಿಲ್ಲ."

"ಬೇಕೆಂದೇ ಹಾಗೆ ಇಳಿಸುವುದು ಅಮ್ಮಾ" ಎಂದೆ. "ನೀರಿದ್ದಾಗ ಮೆಲ್ಲಗೆ ಇಳಿಸಿದರೆ ಗಾಲಿ ನೀರಿನ ಮೇಲೇ ಜಾರುತ್ತದೆ. ಕುಟ್ಟಿದರೆ ನೀರನ್ನು ಸೀಳಿ ನೆಲವನ್ನು ಹಿಡಿಯುತ್ತದೆ."

ಆಕೆ ನನ್ನನ್ನು ಒಂದು ಗಳಿಗೆ ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಕಿಟಕಿಯಾಚೆ ರೆಕ್ಕೆಯ ಹಲಗೆಗಳು ಇನ್ನೂ ಎದ್ದೇ ನಿಂತಿದ್ದವು; ಗಾಲಿಯ ಹಿಂದೆ ನೀರು ಕಾರಂಜಿಯಂತೆ ಚಿಮ್ಮುತ್ತಿತ್ತು. ನಾನು ಅಭ್ಯಾಸಬಲದಿಂದ ಮನಸ್ಸಿನಲ್ಲೇ ಸೆಕೆಂಡು ಎಣಿಸುತ್ತಿದ್ದೆ. ಮೂವತ್ತರ ಹತ್ತಿರ ಬರುವಷ್ಟರಲ್ಲಿ ವಿಮಾನ ನಡಿಗೆಯ ವೇಗಕ್ಕೆ ಇಳಿದು ಪಕ್ಕಕ್ಕೆ ತಿರುಗಿತು. ರನ್‌ವೇ ಇನ್ನೂ ಬೇಕಾದಷ್ಟು ಮುಂದಕ್ಕೆ ಚಾಚಿಕೊಂಡಿತ್ತು.

ಆ ಸಂಜೆ ಉಡುಪಿಯಿಂದ ಬಸ್ಸು ಹಿಡಿದು ಘಾಟಿ ಹತ್ತಿದೆ. ಹತ್ತುವಾಗ ಮೂರನೆಯ ತಿರುವಿನಲ್ಲಿ, ಮೇಲಿನಿಂದ ಇಳಿದು ಬರುತ್ತಿದ್ದ ವ್ಯಾನೊಂದು ಬದಿಗೆ ನಿಂತಿತ್ತು. ಮುಂದಿನ ಗಾಲಿಯಿಂದ ಸಣ್ಣಗೆ ಹೊಗೆಯೇಳುತ್ತಿತ್ತು. ಡ್ರೈವರು ಚಿಕ್ಕ ಹುಡುಗ. ಕೈಯಲ್ಲಿ ನೀರಿನ ಬಾಟಲಿಯಿತ್ತು. ನಮ್ಮ ಬಸ್ಸಿನವನು ನಿಧಾನಿಸಿ, ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: "ನೀರು ಹಾಕಬೇಡ ಮಾರಾಯಾ, ಹಾಗೇ ಬಿಡು. ಯಾವ ಗೇರಲ್ಲಿ ಇಳಿದದ್ದು ನೀನು?"